ಕುರ್ಚಿ ಬಿಟ್ಟವನ ಕಥೆ ಹೇಳಬಾರದಂತೆ

ನನಗೆ ಸಿಟ್ಟು ಬೇಗ ಬರುತ್ತದೆ ಅಂತ ನಮ್ಮವರೆಲ್ಲ ಹೇಳುತ್ತಾರೆ. ಬರಲಿ ಬಿಡಿ. ಈ ವಿಷಯಕ್ಕೂ ಬಾರದಿದ್ದರೆ ನಾನು ಉಪ್ಪು ಖಾರ ತಿನ್ನುವವಳೇ ಅಲ್ಲ.

ನೈರೋಬಿಯ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಮಕ್ಕಳು ಒಬ್ಬೊಬ್ಬ ಮಹನೀಯರ ಬಗ್ಗೆ ಭಾಷಣ ಮಾಡಬೇಕು. ನನ್ನ ಮಗಳಿಗೆ ಆಗ ಹನ್ನೊಂದು ವರ್ಷ. ಇಲ್ಲೇ ಬೆಳೆದವಳು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷ್‌ನಲ್ಲೇ ಉತ್ತರ. ಫೋನಿನಲ್ಲಿ ಅಜ್ಜಿಗೆ "ಹ್ಞೂಂ", "ಊಟ ಆಯ್ತು" ಬಿಟ್ಟರೆ ಮುಂದಕ್ಕೆ ಮಾತಿಲ್ಲ. ಅಂಥವಳು ಆ ವರ್ಷ ತಾನಾಗಿಯೇ ಬಂದು, ಸ್ಕೂಲಿನಲ್ಲಿ ಓದಿದ್ದ ಅಮೆರಿಕದ ಮೊದಲನೇ ಅಧ್ಯಕ್ಷನ ಬಗ್ಗೆ ಕನ್ನಡದಲ್ಲಿ ಮಾತಾಡುತ್ತೇನೆ ಅಂದಳು. ಅಧ್ಯಕ್ಷ ಯಾರಾದರೆ ನನಗೇನು? ನನ್ನ ಮಗಳು ಕನ್ನಡದಲ್ಲಿ ಬಾಯಿ ಬಿಡುತ್ತಾಳಲ್ಲ, ಅಷ್ಟು ಸಾಕಾಗಿತ್ತು.

ಸೌತ್ ಸಿ ಬಡಾವಣೆಯ ನಮ್ಮ ಮನೆಯಿಂದ ಸ್ಕೂಲಿಗೆ ಹೋಗುವ ದಾರಿಯ ಟ್ರಾಫಿಕ್ ಜಾಮಿನಲ್ಲೇ ತಾಲೀಮು. ಪಕ್ಕದ ಮಟಾಟು ವ್ಯಾನಿನಲ್ಲಿ ಪ್ರಯಾಣಿಕರಿಗೆಂದು ಹಾಕಿದ ಹಾಡು ಕಿವಿಗೆ ಬಡಿಯುತ್ತಿದ್ದರೂ ಅವಳು ತಾನೇ ವಾಕ್ಯ ಕಟ್ಟುತ್ತಿದ್ದಳು. "ಅವರು ಚಿಕ್ಕವರಿದ್ದಾಗ ಭೂಮಿ ಅಳೀತಿದ್ರು. ಯುದ್ಧ ಗೆದ್ರು. ಹಲ್ಲೆಲ್ಲ ಬಿದ್ದುಹೋಗಿತ್ತು, ಪಾಪ. ಅವರು ಗುಲಾಮರನ್ನ ಇಟ್ಕೊಂಡಿದ್ರು, ಅದು ತಪ್ಪು." ಕೊನೆಗೆ ಅವಳಿಗೆ ಬಹಳ ಇಷ್ಟವಾದ ಭಾಗ: "ಎರಡು ಸಲ ಅಧ್ಯಕ್ಷರಾದ್ರು. ಜನ ಇನ್ನೂ ಇರಿ ಅಂದ್ರು. ಅವರು ಸಾಕು ಅಂತ ಕುರ್ಚಿ ಬಿಟ್ಟು ಮನೆಗೆ ಹೋದ್ರು."

ಈಗ ನಮ್ಮ ಸಂಘದ ಅಧ್ಯಕ್ಷರ ವಿಷಯ ಹೇಳಬೇಕು. ನಾವು ಈ ಊರಿಗೆ ಬಂದಾಗಲೂ ಅವರೇ, ಈಗಲೂ ಅವರೇ. ಪ್ರತಿವರ್ಷ ಭಾಷಣಗಳು ಮುಗಿದು, ಬಿಸಿಬೇಳೆಬಾತಿನ ವಾಸನೆ ಹಾಲಿಗೆ ನುಗ್ಗುವ ಹೊತ್ತಿಗೆ ಚುನಾವಣೆ. ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಇಬ್ಬರೂ ಮೊದಲೇ ಗೊತ್ತಾದವರು. "ಯಾರದ್ದಾದ್ರೂ ವಿರೋಧ ಇದೆಯಾ?" ಅಂತ ಕಾರ್ಯದರ್ಶಿ ಕೇಳಿ, ಯಾರಾದರೂ ಉಸಿರೆತ್ತುವ ಮೊದಲೇ ಚಪ್ಪಾಳೆ ತಟ್ಟಿಬಿಡುತ್ತಾರೆ. ವಿರೋಧಿಸುವವರಾದರೂ ಯಾರು? ಅಧ್ಯಕ್ಷರು ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯ ಜನರಲ್ ಮ್ಯಾನೇಜರ್. ಸದಸ್ಯರಲ್ಲಿ ಅರ್ಧ ಜನ ಅವರ ಕೈಕೆಳಗಿನವರು. ನನ್ನ ಗಂಡನೂ ಅಲ್ಲೇ.

ಸಮಾರಂಭದ ಹಿಂದಿನ ದಿನ ಕಾರ್ಯದರ್ಶಿಯ ಫೋನ್ ಬಂತು. ಮಕ್ಕಳ ಭಾಷಣಗಳನ್ನು ಮೊದಲೇ ಕೇಳಿಸಿಕೊಂಡಿದ್ದರಂತೆ.

"ಮೇಡಂ, ಎಲ್ಲಾ ಸೂಪರ್. ಆ ಕೊನೇದು ಒಂದು ಮಾತ್ರ ತೆಗೆದುಬಿಡಿ. ಮುಂದಿನ ಐಟಮ್ಮೇ ಎಲೆಕ್ಷನ್ನು. ಸರ್ ತಪ್ಪು ತಿಳ್ಕೊಳ್ತಾರೆ."

"ಗುಲಾಮರದ್ದು ಇರಬಹುದಾ?"

"ಅದಿರ್ಲಿ ಬಿಡಿ, ಅದರಿಂದ ಯಾರಿಗೂ ಏನೂ ತೊಂದರೆ ಇಲ್ವಲ್ಲ."

ಕೇಳಿದಿರಾ! ಮನುಷ್ಯರನ್ನು ದನಗಳ ಹಾಗೆ ಇಟ್ಟುಕೊಂಡಿದ್ದನ್ನು ಹೇಳಬಹುದು, ಕುರ್ಚಿ ಬಿಟ್ಟಿದ್ದನ್ನು ಹೇಳಬಾರದು. ನಾನು ಕೂಗಾಡಿದೆ. ಗಂಡ ನನ್ನ ಕೈ ಹಿಡಿದುಕೊಂಡು, "ವರ್ಕ್ ಪರ್ಮಿಟ್ ರಿನ್ಯೂವಲ್ ಅಧ್ಯಕ್ಷರ ಟೇಬಲ್ ಮೇಲಿದೆ ಕಣೇ. ಮಗೂನ ಸ್ಕೂಲು, ಈ ಮನೆ, ಎಲ್ಲಾ ಅದರ ಮೇಲೇ ನಿಂತಿದೆ" ಅಂದರು. ಮಗಳು ನಮ್ಮಿಬ್ಬರ ಮುಖ ನೋಡಿ, ಸರಿ, ಹೇಳುವುದಿಲ್ಲ ಅಂದಳು, ಇಂಗ್ಲಿಷ್‌ನಲ್ಲಿ.

ಮರುದಿನ ವೇದಿಕೆಯ ಮೇಲೆ ಅವಳು ಗಟ್ಟಿಯಾಗಿ, ಎಷ್ಟು ಚೆನ್ನಾಗಿ ಹೇಳುತ್ತಾ ಹೋದಳು! ಹಲ್ಲಿನ ವಿಷಯಕ್ಕೆ ಎಲ್ಲರೂ ನಕ್ಕರು. "ಎರಡು ಸಲ ಅಧ್ಯಕ್ಷರಾದ್ರು" ಅಂದವಳು ನಿಂತುಬಿಟ್ಟಳು. ತಾನೇ ಕಟ್ಟಿದ ಮಾತನ್ನು ಹಾರಿಸಿಕೊಂಡು ಹೋಗಲು ಅವಳಿಗೆ ಬರಲಿಲ್ಲ. ಕಾರ್ಯದರ್ಶಿ ಪಕ್ಕದಿಂದ "ಧನ್ಯವಾದ ಹೇಳು, ಧನ್ಯವಾದ ಹೇಳು" ಅಂತ ಪಿಸುಗುಟ್ಟಿದರು. ಅವಳು ಮೈಕಿನಲ್ಲಿ, ಉಳಿದದ್ದನ್ನು ಹೇಳಲು ತನಗೆ ಅನುಮತಿ ಇಲ್ಲ ಅಂತ ಇಂಗ್ಲಿಷ್‌ನಲ್ಲಿ ಹೇಳಿ ಇಳಿದುಬಂದಳು. ಮಗುವಿಗೆ ಕನ್ನಡ ಮರೆತುಹೋಯಿತು ಅಂದುಕೊಂಡು ಹಾಲಿಗೆ ಹಾಲೇ "ಅಯ್ಯೋ ಪಾಪ" ಅಂತ ಚಪ್ಪಾಳೆ ತಟ್ಟಿತು. ಸಮಾಧಾನಕ್ಕೆ ಒಂದು ಬಹುಮಾನವನ್ನೂ ಕೊಟ್ಟರು.

ಆಮೇಲೆ ಅಧ್ಯಕ್ಷರು ಮೈಕು ಹಿಡಿದರು. "ನೋಡಿ, ಎಷ್ಟು ಜಾಣ ಮಗು. ಅರ್ಧದಲ್ಲೇ ಇಂಗ್ಲಿಷಿಗೆ ಹೋಗಿಬಿಟ್ಟಳು. ತಪ್ಪು ಮಕ್ಕಳದ್ದಲ್ಲ, ತಾಯಂದಿರು ಮನೇಲಿ ಕನ್ನಡ ಮಾತಾಡಬೇಕು."

ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿ ಮುಚ್ಚಿಸಿದವರು ಇವರು, ಬುದ್ಧಿವಾದ ನನಗೆ! ಕಾರ್ಯದರ್ಶಿ "ಯಾರದ್ದಾದ್ರೂ ವಿರೋಧ" ಅನ್ನುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ.

"ನನ್ನದಿದೆ."

ಚಪ್ಪಾಳೆಗೆಂದು ಎತ್ತಿದ ಕೈಗಳು ಹಾಗೇ ನಿಂತವು. ಕಾರ್ಯದರ್ಶಿ ನಗುತ್ತಾ, "ಹಂಗಾದ್ರೆ ಬೇರೆ ಹೆಸರು ಹೇಳಿ ಮೇಡಂ" ಅಂದರು.

"ನನ್ನದೇ ಬರ್ಕೊಳ್ಳಿ."

"ಅನುಮೋದಿಸೋರು ಯಾರು?"

ಯಾರೂ ಇಲ್ಲ. ಹಬ್ಬಹರಿದಿನಕ್ಕೆ ನಮ್ಮ ಮನೆಯಲ್ಲಿ ಒಬ್ಬಟ್ಟು ತಿಂದವರೆಲ್ಲ ಫೋನು ನೋಡತೊಡಗಿದರು. ನನ್ನ ಗಂಡ ನೆಲ ನೋಡುತ್ತಿದ್ದರು. ಆಗ ಮುಂದಿನ ಸಾಲಿನಲ್ಲಿ ಮಗಳು ಎದ್ದಳು. ನನ್ನ ಕಡೆ ತಿರುಗಿ, "ನಾನಿದ್ದೀನಿ ಅಮ್ಮ" ಅಂದಳು. ಕನ್ನಡದಲ್ಲೇ.

ಮಕ್ಕಳಿಗೆ ಆ ಹಕ್ಕಿಲ್ಲವಂತೆ. ಹಾಲಿ ಅಧ್ಯಕ್ಷರೇ ಅವಿರೋಧವಾಗಿ ಆಯ್ಕೆಯಾಗಿದ್ದಾರೆ ಎಂದು ಕಾರ್ಯದರ್ಶಿ ಮೈಕಿನಲ್ಲಿ ಘೋಷಿಸಿದರು. ನಾವಿಬ್ಬರೂ ಇನ್ನೂ ನಿಂತೇ ಇದ್ದೆವು.