ಮಾವನವರ ಸೈಕಲ್ಲಿನ ಹ್ಯಾಂಡಲ್

ಮೈಯಲ್ಲಿ ಕತ್ತು ಎಂಬುದೊಂದು ಇದೆಯೆಂದು ಅದು ನೋಯುವವರೆಗೂ ನಮಗೆ ತಿಳಿಯುವುದಿಲ್ಲ. ಸೈಕಲ್ಲಿಗೆ ಹ್ಯಾಂಡಲ್ ಎಂಬುದೊಂದು ಇದೆಯೆಂಬುದೂ ಹಾಗೆಯೇ. ಪೆಡಲ್ ತುಳಿಯುತ್ತೇವೆ, ಗಂಟೆ ಬಾರಿಸುತ್ತೇವೆ, ಬ್ರೇಕ್ ಹಿಡಿಯುತ್ತೇವೆ. ಇವೆಲ್ಲ ನಡೆಯುತ್ತಿರುವಾಗ ನಮ್ಮ ಅರ್ಧ ಭಾರವನ್ನು ಅಂಗೈಗಳ ಮೂಲಕ ಸದ್ದಿಲ್ಲದೆ ಹೊತ್ತುಕೊಂಡ ಆ ಕಬ್ಬಿಣದ ಕೊಳವೆಯ ಕಡೆ ಯಾರೂ ಕೃತಜ್ಞತೆಯಿಂದ ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ಕಾಲೇಜಿನಿಂದ ನಿವೃತ್ತನಾಗಿ, ಧಾರವಾಡದ ಸಪ್ತಾಪುರದ ನಮ್ಮ ಮನೆಯಿಂದ ದಿನಾ ಬೆಳಗ್ಗೆ ಸೈಕಲ್ ಸವಾರಿ ಹೊರಡುವ ಹವ್ಯಾಸ ಹಚ್ಚಿಕೊಂಡ ಮೇಲೆ, ನನ್ನ ಕತ್ತು ಮತ್ತು ಸೈಕಲ್ಲಿನ ಹ್ಯಾಂಡಲ್ ಎರಡೂ ಜೊತೆಜೊತೆಗೇ ನನಗೆ ಪರಿಚಯವಾದವು.

ಸೈಕಲ್ ನನ್ನದಲ್ಲ, ಮಾವನವರದು. ನನ್ನ ಹೆಂಡತಿ ಗಿರಿಜೆಯ ತಂದೆ ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಮಾತು ಕಡಿಮೆ, ನಡಿಗೆ ಬಿರುಸು, ಬೆನ್ನು ತುಸು ಬಾಗು. ಅವರು ತೀರಿಕೊಂಡಾಗ ಮನೆಮಂದಿಯಲ್ಲಿ ಯಾರಿಗೂ ಬೇಡವಾದ ಅವರ ಕಪ್ಪು ವಿಲಾಯತಿ ಸೈಕಲ್ಲನ್ನು ಗಿರಿಜೆ ತಾನೇ ಬೇಡಿ ತಂದಿದ್ದಳು. ವರ್ಷಗಟ್ಟಲೆ ಅದನ್ನು ಒರೆಸಿದ್ದೇ ಒರೆಸಿದ್ದು, ಹತ್ತಿದವರಿಲ್ಲ. ಕೊನೆಗೆ ಹತ್ತಿದವನು ನಾನು. ಧಾರವಾಡದ ಬೆಳಗಿನಲ್ಲಿ ಊರು ಇನ್ನೂ ಅರೆನಿದ್ದೆಯಲ್ಲಿರುವಾಗ, ಮಂಜಿನೊಳಗೆ ಮರಗಳು ತಮ್ಮ ಆಕಾರಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತಿರುವಾಗ, ಆ ಹಳೆಯ ಸೈಕಲ್ಲಿನ ಮೇಲೆ ತೇಲಿಕೊಂಡು ಹೋಗುವ ಸುಖವೇ ಬೇರೆ. ಎಚ್ಚರಕ್ಕೂ ಕನಸಿಗೂ ನಡುವಿನ ಗಡಿಯಲ್ಲಿ ಯಾರೂ ತಡೆದು ಕೇಳುವುದಿಲ್ಲ.

ಆದರೆ ಕತ್ತು ಕೇಳಿತು. ಮಾವನವರ ಸೈಕಲ್ಲಿನ ಹ್ಯಾಂಡಲ್ ತಗ್ಗಾಗಿ, ಸಪಾಟಾಗಿ, ಮುಂದಕ್ಕೆ ದೂರವಾಗಿತ್ತು. ಅದನ್ನು ಹಿಡಿಯಬೇಕಾದರೆ ಯಾರಿಗೋ ದೀರ್ಘದಂಡ ನಮಸ್ಕಾರಕ್ಕೆ ಹೊರಟು ಅರ್ಧಕ್ಕೆ ನಿಂತವನಂತೆ ಬಾಗಬೇಕು. ತಲೆಯೆತ್ತಿ ಬಾಳಿ ಎಂದು ವಿದ್ಯಾರ್ಥಿಗಳಿಗೆ ಒಂದು ಆಯುಷ್ಯವಿಡೀ ಉಪದೇಶಿಸಿದ ನಾನು ಮಾಜಿ ವಿದ್ಯಾರ್ಥಿಗಳ ಕಣ್ಣೆದುರೇ ತಲೆ ತಗ್ಗಿಸಿಕೊಂಡು ಓಡಾಡತೊಡಗಿದೆ. ವೈದ್ಯರು ನನ್ನ ಕತ್ತನ್ನು ಅತ್ತಿತ್ತ ತಿರುಗಿಸಿ, “ಸರ, ಸೈಕಲ್ ಬಿಡ್ರಿ, ಇಲ್ಲಾ ಬಗ್ಗೂದು ಬಿಡ್ರಿ,” ಎಂದರು. ಮೊದಲನೆಯದನ್ನು ಬಿಡಲಾರದೆ ನಾನು ಹುಬ್ಬಳ್ಳಿಗೆ ಹೋಗಿ, ಎತ್ತರಕ್ಕೆ ಏರಿ ಸವಾರನ ಕಡೆ ವಿನಯದಿಂದ ಬಾಗಿ ಬರುವ, ಫಳಫಳ ಹೊಳೆಯುವ ಹೊಸ ಹ್ಯಾಂಡಲ್ ಒಂದನ್ನು ಕೊಂಡು ತಂದೆ.

ಗಿರಿಜೆ ಅದನ್ನು ನೋಡಿದಳು. ಸೈಕಲ್ಲನ್ನೂ ನೋಡಿದಳು. “ಅದಕ್ಕ ಕೈ ಹಚ್ಚಬ್ಯಾಡ್ರಿ,” ಎಂದಳು.

“ನನ್ನ ಕುತ್ತಿಗಿ ನೋಯಾಕತ್ತೇತಿ,” ಎಂದೆ.

“ಬ್ಯಾರೆ ಸೈಕಲ್ ತೊಗೋರಿ. ಅಪ್ಪಾರು ಹಿಡದ ಹ್ಯಾಂಡಲ್ ಅದು. ಅವರ ಕೈ ಹೆಂಗಿತ್ತು ಅಂತ ನೆನಪು ಮಾಡ್ಕೋಬೇಕಂದ್ರ ನನಗ ಇರೂದು ಅದೊಂದ.”

ನಾನು ಹ್ಯಾಂಡಲ್ಲಿನ ಹಿಡಿಕೆಯನ್ನು ನೋಡಿದೆ. ಕಪ್ಪು ರಬ್ಬರಿನಲ್ಲಿ ಹೆಬ್ಬೆರಳು ಕೂರುವ ಕಡೆ ಒಂದು ಸಣ್ಣ ತಗ್ಗು ಬಿದ್ದಿತ್ತು. ಇಷ್ಟು ದಿನ ನನ್ನ ಹೆಬ್ಬೆರಳು ಅಲ್ಲಿಯೇ ಕೂರುತ್ತಿದ್ದರೂ ಅದು ಇನ್ನೊಬ್ಬರ ಜಾಗ ಎಂದು ನನಗೆ ಹೊಳೆದಿರಲಿಲ್ಲ. ವಾದಕ್ಕೆ ನನ್ನ ಬಳಿ ಕತ್ತು ಇತ್ತು, ಅವಳ ಬಳಿ ಅಪ್ಪನಿದ್ದ. ನಾನು ಸೋತೆ. ಹೊಸ ಹ್ಯಾಂಡಲ್ ಬಾಗಿಲ ಹಿಂದೆ ಕೊಡೆಗಳ ಸಂಗದಲ್ಲಿ ನಿಂತಿತು. ಸೈಕಲ್ ಮತ್ತೆ ಗೋಡೆಗೆ ಒರಗಿತು. ಬೆಳಗುಗಳು ಬಂದು ಬಂದು ನನ್ನನ್ನು ಹುಡುಕಿ ಹೋದವು. ಮನೆಯಲ್ಲಿ ಜಗಳವೇನೂ ಇರಲಿಲ್ಲ, ಆದರೆ ಚಹದ ಬಟ್ಟಲನ್ನು ಮೇಜಿನ ಮೇಲೆ ಇಡುವ ಸದ್ದು ಮಾತ್ರ ತುಸು ದೊಡ್ಡದಾಗಿತ್ತು.

ಹಳೇ ಹುಬ್ಬಳ್ಳಿಯಲ್ಲಿ ಗಿರಿಜೆಯ ಸೋದರತ್ತೆ ನೀಲವ್ವ ಇದ್ದಾರೆ. ಮಾವನವರ ತಂಗಿ, ಎಂಬತ್ತು ದಾಟಿದವರು, ಮಗ ಸೊಸೆ ಮೊಮ್ಮಕ್ಕಳ ಗದ್ದಲದ ನಡುವೆ ಇನ್ನೂ ರೊಟ್ಟಿ ಬಡಿಯುವವರು. ಒಂದು ಭಾನುವಾರ ಗಿರಿಜೆ ನನ್ನನ್ನು ಅಲ್ಲಿಗೆ ಹೊರಡಿಸಿದಳು. ಅತ್ತೆಯಿಂದ ನನಗೆ ನಾಲ್ಕು ಮಾತು ಹೇಳಿಸಬೇಕೆಂಬುದು ಅವಳ ಇಂಗಿತ. ಸಾಕ್ಷ್ಯಕ್ಕೆಂದು ಹೊಸ ಹ್ಯಾಂಡಲ್ಲನ್ನೂ ಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟಳು. ಅಪರಾಧಿಯೇ ತನ್ನ ಅಪರಾಧವನ್ನು ಹೊತ್ತು ಬಸ್ಸಿನಲ್ಲಿ ಪ್ರಯಾಣಿಸುವ ದೃಶ್ಯ ಬಹಳ ಕಡೆ ಕಾಣಸಿಗಲಾರದು. ಪಕ್ಕದವರು ಅದೇನೋ ವಾದ್ಯವೆಂದು ತಿಳಿದು ನನ್ನನ್ನು ಗೌರವದಿಂದ ನೋಡಿದರು.

ನೀಲವ್ವನವರು ಪೂರ್ತಿ ದೂರು ಕೇಳಿದರು. ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕರು.

“ಅದು ಆ ಸೈಕಲ್ಲಿನ ಹ್ಯಾಂಡಲ್ಲ ಅಲ್ಲವ್ವಾ. ನಿಮ್ಮಪ್ಪ ತಾನ ಬದಲಿ ಮಾಡಿಸಿದ್ದು.”

ಗಿರಿಜೆ ಅತ್ತೆಯ ಹತ್ತಿರಕ್ಕೆ ಸರಿದು ಕುಳಿತಳು.

“ಸಣ್ಣಾಕಿದ್ದಾಗ ನೀ ಭಾಳ ನಿದ್ದಿಗೇಡಿ,” ಎಂದು ನೀಲವ್ವನವರು ರೊಟ್ಟಿಯ ಹಿಟ್ಟಿನ ಕೈಯನ್ನು ಒರೆಸಿಕೊಂಡರು. “ಎಬ್ಬಿಸಿ, ಜಳಕಾ ಮಾಡಿಸಿ, ಜಡಿ ಹಾಕಿದ್ರೂ ಕಣ್ಣ ಬಿಡತಿದ್ದಿಲ್ಲ. ಸಾಲಿ ದೂರ. ಅಣ್ಣ ಹಿಂದ ಕ್ಯಾರಿಯರ್ ಮ್ಯಾಲೆ ಕೂಡಿಸ್ಕೊಂಡ ಹೋಗತಿದ್ದ. ಒಂದಿನ ತೂಕಡಿಸಿ ಕೆಳಗ ಬಿದ್ದಿ. ಆ ಹುಬ್ಬಿನ ಮ್ಯಾಲಿನ ಗಾಯದ ಕಲಿ ಅದರದ ನೋಡು.”

ಗಿರಿಜೆಯ ಕೈ ತಾನಾಗಿಯೇ ಹುಬ್ಬಿಗೆ ಹೋಯಿತು. “ಹೊಸ್ತಲಾ ಎಡವಿ ಬಿದ್ದದ್ದು ಅಂತಿದ್ರಲ್ಲ ಎಲ್ಲಾರೂ?”

“ನಿಮ್ಮವ್ವಗ ಗೊತ್ತಾದ್ರ ಸಾಲಿ ಬಿಡಸ್ತಾಳ ಅಂತ ಅಣ್ಣ ಹಂಗ ಹೇಳಿದ. ಮರುದಿನದಿಂದ ಸೀಟಿನ ಮುಂದಿನ ಡಂಡಿ ಮ್ಯಾಲೆ ಕೂಡಿಸ್ಕೊಂಡ. ಆದ್ರ ಮೊದಲಿನ ಹ್ಯಾಂಡಲ್ಲು ಒಳಗ ಬಾಗಿತ್ತು, ತಿರುವಿನ್ಯಾಗ ನಿನ್ನ ಮಗ್ಗಲಿಗೆ ಬಡೀತಿತ್ತು. ಅದಕ್ಕ ತಗಸಿ ಈ ಸಪಾಟಂದು ಹಾಕ್ಸಿದ. ನೀ ಅದರ ಮ್ಯಾಲೆ ಟವೆಲ್ ಮಡಚಿ ತಲಿ ಇಟ್ಟು ಸಾಲಿ ಮುಟ್ಟೂತನಕ ಮಲಗಾಕಿ. ಅವ ನಿನ್ನ ಮ್ಯಾಲೆ ಬಗ್ಗಿ ಸೈಕಲ್ ಹೊಡೀತಿದ್ದ. ಮುಂದ ನೀ ದೊಡ್ಡಾಕಿ ಆದ ಮ್ಯಾಲೆ, ‘ಹಳೇದ ಹಾಕ್ಸೋ ಅಣ್ಣಾ, ಬೆನ್ನು ಬಾಗಾಕತ್ತೇತಿ’ ಅಂದೆ. ‘ಇರ್ಲಿ ಬಿಡು, ರೂಢಿ ಆಗೇತಿ’ ಅಂದ.”

ಓದುಗರೇ, ನಿದ್ದೆಯಲ್ಲಿ ನಡೆದುಹೋದ ಪ್ರೀತಿಗೆ ನೆನಪಿನಲ್ಲಿ ಜಾಗವಿರುವುದಿಲ್ಲ. ಅದನ್ನು ಎಚ್ಚರವಿದ್ದ ಇನ್ನೊಬ್ಬರು ಬದುಕಿದ್ದು ಹೇಳಬೇಕು. ಗಿರಿಜೆ ಅತ್ತೆಯ ಮೊಣಕಾಲ ಮೇಲೆ ಕೈಯಿಟ್ಟಳು. ಆಮೇಲೆ ಮೆಲ್ಲಗೆ, “ಮೊದಲಿಂದು ಎಲ್ಲಿ ಹೋತು, ಅತ್ತಿ?” ಎಂದು ಕೇಳಿದಳು.

“ಎಲ್ಲಿ ಹೋಗ್ತೇತಿ? ಅಣ್ಣ ಆವಾಗ ಇಲ್ಲೇ ತಂದಿಟ್ಟಿದ್ದ, ನಮ್ಮ ಹಿತ್ತಲದಾಗ ಐತಿ.”

ಹಿತ್ತಲಿನ ಗೋಡೆಯ ಮೇಲೆ, ಸುಣ್ಣದ ಪದರಗಳ ನಡುವೆ, ಎತ್ತಿನ ಕೋಡುಗಳಂತೆ ಎರಡು ತುದಿಗಳನ್ನು ಚಾಚಿಕೊಂಡು ಅದು ತಂತಿಯಲ್ಲಿ ಬಿಗಿದು ಕೂತಿತ್ತು. ಒಂದು ಕೋಡಿಗೆ ಜರಡಿ, ಇನ್ನೊಂದಕ್ಕೆ ಒಣಮೆಣಸಿನಕಾಯಿಯ ಚೀಲ. ಗಿರಿಜೆ ಎರಡನ್ನೂ ಕೆಳಗಿಳಿಸಿ, ಎರಡೂ ಕೈಗಳಿಂದ ಅದನ್ನು ಹಿಡಿದು ನಿಂತಳು. ಗೋಡೆಯನ್ನೇ ಓಡಿಸಿಕೊಂಡು ಎಲ್ಲಿಗೋ ಹೊರಟವಳಂತೆ ಕಂಡಳು. ನಾನು ಬೇರೆ ಕಡೆ ನೋಡಿದೆ.

“ಬಿಚ್ಚರಿ ಇದನ್ನ,” ಎಂದಳು ನನ್ನತ್ತ ತಿರುಗಿ. “ಮೊದಲಿನ ಹಾಂಗ ಹಾಕ್ಸೂಣು. ಮುಂದ ಡಂಡಿ ಮ್ಯಾಲೆ ಮಲಗಾಕಿ ಎದ್ದು ಭಾಳ ವರ್ಷ ಆತು.”

“ಜರಡಿ ಎಲ್ಲಿ ಹಾಕ್ಲೆವಾ ನಾ?” ಎಂದು ನೀಲವ್ವನವರು ತಕರಾರು ತೆಗೆದರು. ಆ ಸಮಸ್ಯೆಗೆ ಪರಿಹಾರ ನನ್ನ ಕೈಯಲ್ಲಿ ಪತ್ರಿಕೆ ಸುತ್ತಿಕೊಂಡು ಸಿದ್ಧವಾಗಿತ್ತು. ನಾನು ಆರಿಸಿ ಆರಿಸಿ ತಂದ ಹೊಸ ಹ್ಯಾಂಡಲ್ ಹಳೇ ಹುಬ್ಬಳ್ಳಿಯ ಹಿತ್ತಲಲ್ಲಿ ಮೆಣಸಿನಕಾಯಿಯ ಚೀಲ ಹೊತ್ತು ಸಾರ್ಥಕವಾಯಿತು. ತಾಸು ಬಿಟ್ಟು ನೋಡಿದ ನೀಲವ್ವನವರು, “ಚಲೋ ಹೊಳೀತೈತಿ ಮಾಸ್ತರ,” ಎಂದು ನನ್ನ ಅಭಿರುಚಿಯನ್ನು ಮೆಚ್ಚಿದರು.

ನಮ್ಮ ಓಣಿಯ ಸೈಕಲ್ ಅಂಗಡಿಯ ಇಮಾಮಸಾಬ ತುಕ್ಕು ತಿಕ್ಕಿ, ಎಣ್ಣೆ ಬಿಟ್ಟು, ಬೈದು, ಬಡಿದು ಮೂಲ ಹ್ಯಾಂಡಲ್ಲನ್ನು ಅದರ ಜಾಗಕ್ಕೆ ಕೂರಿಸಿದ. ಬಿಚ್ಚಿದ ಸಪಾಟು ಹ್ಯಾಂಡಲ್ಲನ್ನು ಗಿರಿಜೆ ಮನೆಗೆ ತಂದು, ಒರೆಸಿ, ತನ್ನ ಸೀರೆಗಳ ಕಪಾಟಿನಲ್ಲಿಟ್ಟಳು.

ಮರುದಿನ ಬೆಳಗ್ಗೆ ನಾನು ಹೊರಡುವಾಗ ಅವಳೂ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು, ಹಿಂದಿನ ಕ್ಯಾರಿಯರ್ ಮೇಲೆ ಕುಳಿತಳು. ಇಬ್ಬರ ವಯಸ್ಸನ್ನೂ ಗಾತ್ರವನ್ನೂ ನೆನೆದು ಸೈಕಲ್ ಒಮ್ಮೆ ಓಲಾಡಿತು, ಮತ್ತೆ ಸಾವರಿಸಿಕೊಂಡಿತು. ಬೆನ್ನು ನೆಟ್ಟಗಾಗಿತ್ತು, ಹ್ಯಾಂಡಲ್ಲಿನ ಎರಡೂ ತುದಿಗಳು ತಾವಾಗಿಯೇ ನನ್ನ ಕೈಗೆ ಬಂದಿದ್ದವು. ಮಂಜಿನಲ್ಲಿ ರಸ್ತೆ ಮೆತ್ತಗಾಗಿತ್ತು, ಬೇವಿನ ಮರಗಳ ಕೆಳಗೆ ಗಾಳಿಗೆ ಒದ್ದೆ ಎಲೆಯ ವಾಸನೆಯಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳ ಹಣೆ ನನ್ನ ಬೆನ್ನಿಗೆ ಒರಗಿತು. ಮಾತಿಲ್ಲ, ಚಲನೆಯಿಲ್ಲ. ವೇಗ ತಗ್ಗಿಸಿ, “ಗಿರಿಜಾ, ನಿದ್ದಿ ಹತ್ತಿತೇನು?” ಎಂದೆ.

“ಇಲ್ಲರಿ, ಎಚ್ಚರ ಅದೀನಿ,” ಎಂದಳು ಬೆನ್ನ ಹಿಂದಿನಿಂದ. “ಈ ಸಲ ದಾರಿ ನೋಡಬೇಕಾಗೇತಿ.”

ಮನೆಯ ಕಡೆಗಿನ ತಿರುವು ಬಂದಿತ್ತು. ನಾನು ಅದನ್ನು ಬಿಟ್ಟು ಕೆರೆಯ ಕಡೆಗೆ ಹೋಗುವ ಉದ್ದನೆಯ ದಾರಿ ಹಿಡಿದೆ.