ಅಣ್ಣನ ವಿರುದ್ಧ ಕಟ್ಟಿದ ಟಗರು

ಕುಂದಗೋಳ ಕಡೆಯ ನಮ್ಮ ಹಳ್ಳಿಯಲ್ಲಿ ಅಣ್ಣ ಮೂರನೇ ಸಲ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತಿದ್ದ. ಎರಡು ಸಲ ಸೋತವನು. ಈ ಸಲವೂ ಸೋತರೆ ಇನ್ನು ಜನ್ಮದಲ್ಲಿ ನಿಲ್ಲುವುದಿಲ್ಲ ಎಂದು ಅತ್ತಿಗೆಯ ಮುಂದೆ ಆಣೆ ಮಾಡಿದ್ದ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ. ತಲೆ ಸುಮ್ಮನಿರಬೇಕಲ್ಲ! ಅಣ್ಣ ಸೋಲುತ್ತಾನೆ ಎಂದು ಒಂದು ಟಗರನ್ನು ಪಂದ್ಯಕ್ಕೆ ಕಟ್ಟಿದರೆ ಹೇಗೆ ಅಂತ ಲೆಕ್ಕ ಹಾಕಿದೆ. ಗೆದ್ದನೋ, ಟಗರನ್ನು ಖುಷಿಯಿಂದಲೇ ಕೊಟ್ಟೇನು. ಸೋತನೋ, ಸಮಾಧಾನಕ್ಕೆ ಇನ್ನೊಂದು ಟಗರಾದರೂ ಮನೆಗೆ ಬರುತ್ತದೆ. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ನನ್ನ ಹೆಸರಿನಲ್ಲಿ ಕಟ್ಟುವಷ್ಟು ದಡ್ಡ ನಾನಲ್ಲ, ಗೆಳೆಯನೊಬ್ಬನ ಕೈಯಿಂದ ಕಟ್ಟಿಸಿದೆ. ಎದುರು ಟಗರು ಕಟ್ಟಿದವನು ಅಣ್ಣನ ಹಿಂದೆ ಹಗಲಿಡೀ ಓಡಾಡುತ್ತಿದ್ದ ಬೆಂಬಲಿಗ. ಆದರೆ ನಮ್ಮೂರಲ್ಲಿ ಒಂದು ಪದ್ಧತಿ. ಯಾರೂ ಮಾತು ತಿರುಗಿಸಬಾರದೆಂದು, ಪಂದ್ಯದ ಟಗರುಗಳನ್ನು ಫಲಿತಾಂಶ ಬರುವವರೆಗೆ ಚಹಾದಂಗಡಿಯ ಮುಂದಿನ ಬೇವಿನ ಗಿಡಕ್ಕೆ ಕಟ್ಟಿರಬೇಕು. ಕುರಿ ಕಾಯುವವರ ಊರು. ಮಂದಿಯ ಹೆಸರು ಮರೆತಾರು, ಟಗರಿನ ಮುಖ ಮರೆಯುವುದಿಲ್ಲ. ಮತದಾನ ಇನ್ನೂ ಆಗಿರಲಿಲ್ಲ, ಅರ್ಧ ತಾಸಿನಲ್ಲಿ ಗೆಳೆಯ ಕಟ್ಟಿದ ಟಗರು ನಮ್ಮ ಮನೆಯದೆಂದು ಊರಿಗೆಲ್ಲ ಗೊತ್ತಾಯಿತು. ಇಷ್ಟೂ ಹೊಳೆಯದ ನಾನೆಂಥ ಮಾಸ್ತರ!

"ಮಾಸ್ತರ ಲೆಕ್ಕ ತಪ್ಪಂಗಿಲ್ಲ ಬಿಡ್ರಿ," ಅಂದ ಒಬ್ಬ.

"ಮನಿ ಮಂದಿಗೇ ಭರೋಸಾ ಇಲ್ಲ. ಸೋಲಾವಗ ಓಟ್ ಹಾಕಿ, ಗೆದ್ದಾವನ ಕಣ್ಣಿಗೆ ನಾವ್ಯಾಕ ಕೆಟ್ಟ ಆಗಬೇಕು?" ಅಂದ ಇನ್ನೊಬ್ಬ.

ಟಗರು ಬಿಚ್ಚಿಕೊಂಡು ಬರಲು ಓಡಿದೆ. ಅಂಗಡಿಯ ಕಾಕಾ ತಡೆದ. "ಈಗ ಬಿಚ್ಚಿದ್ರ, ಅಣ್ಣಗ ಹೆದರಿ ಬಿಚ್ಚಿದ ಅಂತಾರ್ರೀ. ಪಂದ್ಯ ಕಟ್ಟಿದಾವ್ರು ನೀವ ಅಂತ ಮತ್ತಷ್ಟು ಖಾತ್ರಿ ಆಗ್ತೈತಿ. ಇರ್ಲಿ ಬಿಡ್ರಿ."

ಅವನ ಮಾತು ಖರೆ. ಬಿಚ್ಚಿದರೂ ಕೆಟ್ಟೆ, ಬಿಚ್ಚದಿದ್ದರೂ ಕೆಟ್ಟೆ. ಬರಿಗೈಯಲ್ಲಿ ಮನೆಗೆ ಬಂದೆ.

ಅಣ್ಣ ಹನ್ನೊಂದು ಮತಗಳಿಂದ ಸೋತ.

ಮರುದಿನ ಮುಂಜಾನೆ ಗೆಳೆಯ ಎರಡೂ ಟಗರುಗಳನ್ನು ತಂದು ಹಿತ್ತಲಲ್ಲಿ ಕಟ್ಟಿ ಹೋದ. ಅಣ್ಣ ಅವಕ್ಕೆ ಮೇವು ಹಾಕುತ್ತಿದ್ದ. ನನಗೆ ನಾಚಿಕೆಯಿಂದ ಸಾಯುವಂತಾಯಿತು.

"ನಾ ಓಟ್ ನಿನಗ ಹಾಕೀನೋ ಅಣ್ಣಾ. ಅವ್ವನ ಆಣಿ," ಅಂದೆ.

"ಗೊತ್ತೈತಿ ಲೇ," ಅಂದ, ತಲೆ ಎತ್ತದೆ. "ನಿನ್ನ ಓಟ್ ಪೆಟಗ್ಯಾಗ ಇತ್ತು, ಯಾರಿಗೂ ಕಾಣಲಿಲ್ಲ. ನಿನ್ನ ಟಗರು ಊರಿಗೆಲ್ಲಾ ಕಾಣ್ತು."

ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಅವನು ಬೈಯಲಿಲ್ಲ. ಇವತ್ತಿನವರೆಗೂ ಬೈದಿಲ್ಲ.