ಬಸವಮ್ಮನ ತೋಳಿನ ಬಿಲ್ಲೆ

ಕೊರಟಗೆರೆ ಬಸ್ ಸ್ಟ್ಯಾಂಡಿನ ಎದುರು ಮೆಡಿಕಲ್ ಸ್ಟೋರ್ ಇಟ್ಟು ನನಗೆ ಇಪ್ಪತ್ತಾರು ವರ್ಷವಾಯಿತು. ಗಿರಾಕಿಯ ಮೇಲೆ ಕೋಪ ಬಂದರೆ ಬಾಯಿ ಮುಚ್ಚಿಕೊಂಡು ಕೌಂಟರ್ ಒರೆಸುವುದು ನಾನು ರೂಢಿಸಿಕೊಂಡ ಅಭ್ಯಾಸ. ಬಸವಮ್ಮ ಬಂದುಹೋದ ದಿನ ನನ್ನ ಕೌಂಟರಿನ ಗಾಜಿನಲ್ಲಿ ಮುಖ ನೋಡಿಕೊಳ್ಳಬಹುದು.

ಬಸವಮ್ಮನಿಗೆ ಈಗ ಅರವತ್ತೊಂದು. ಊರು, ಗೊರವನಹಳ್ಳಿಗೆ ಹೋಗುವ ದಾರಿಯಲ್ಲಿ ಸಿಗುವ ಸಣ್ಣ ಹಳ್ಳಿ. ಗಂಡ ಶಂಕರಲಿಂಗಪ್ಪ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ಮದುವೆ ಮನೆಗಳಿಗೆ ಒಬ್ಬಟ್ಟು ಮಾಡಿಕೊಡುವ ಕೆಲಸ ಹಿಡಿದಳು. ಒಬ್ಬನೇ ಮಗ ಮಲ್ಲೇಶನನ್ನು ಅದರಲ್ಲೇ ಓದಿಸಿದಳು. ಅವನೀಗ ಶಿರಾದ ಹೈಸ್ಕೂಲಿನಲ್ಲಿ ಮೇಷ್ಟ್ರು. ಮಧುಗಿರಿ, ಶಿರಾ, ಅತ್ತ ಪಾವಗಡದವರೆಗೆ ನಮ್ಮ ಲಿಂಗಾಯತರ ಮದುವೆ ನಿಶ್ಚಯವಾದರೆ ಛತ್ರಕ್ಕಿಂತ ಮೊದಲು ಬಸವಮ್ಮನನ್ನು ಗೊತ್ತು ಮಾಡುವವರಿದ್ದಾರೆ. ತಟ್ಟಿಕೊಡಲು ಇಬ್ಬರಿದ್ದರೆ ಸಾಕು, ಎರಡು ಕಾವಲಿಯ ನಡುವೆ ನಿಂತು ಒಂದೇ ಬೆಳಗ್ಗೆ ಎಂಟುನೂರು ಒಬ್ಬಟ್ಟು ಬೇಯಿಸುತ್ತಾಳೆ. ಹೂರಣವನ್ನು ನಾಲಿಗೆಗೆ ಮುಟ್ಟಿಸುವುದಿಲ್ಲ. ಎರಡು ಬೆರಳಲ್ಲಿ ಒತ್ತಿ ನೋಡಿ ಬೆಲ್ಲ ಸಾಕೋ ಸಾಲದೋ ಹೇಳಿಬಿಡುತ್ತಾಳೆ.

ಮುಟ್ಟಿಸುವ ಹಾಗೂ ಇಲ್ಲ. ಹತ್ತೊಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಊರಲ್ಲಿ ಕರೆಂಟು ಹೋದರೆ ಫ್ರಿಜ್ಜನ್ನು ನಂಬದೆ, ಒದ್ದೆ ಮರಳು ತುಂಬಿದ ಮಡಕೆಯೊಳಗೆ ಸ್ಟೀಲ್ ಡಬ್ಬಿ ಹೂತು ಅದರಲ್ಲಿ ಇನ್ಸುಲಿನ್ ಇಡುತ್ತಾಳೆ. ಇಪ್ಪತ್ತನೇ ತಾರೀಖಿಗೇ ಮುಂದಿನ ತಿಂಗಳ ಸಾಮಾನು ತೆಗೆದುಕೊಂಡು ಹೋಗುತ್ತಾಳೆ. ತುಮಕೂರಿಂದ ಪಾರ್ಸೆಲ್ ತರುವ ಬಸ್ಸು ತಡವಾದರೆ ನನಗೇ ಬೈಗುಳ. ಶಿಸ್ತಿನಲ್ಲಿ ಹೆಸರಿಡುವ ಹಾಗಿಲ್ಲ, ಬಾಯಿ ಮಾತ್ರ ಜೋರು.

ಶಿಸ್ತು ಎಷ್ಟಿದ್ದರೇನು, ಇಷ್ಟು ವರ್ಷ ಕಾಯಿಲೆ ಇದ್ದವರಲ್ಲಿ ಕೆಲವರಿಗೆ ಒಂದು ತೊಂದರೆ ಶುರುವಾಗುತ್ತದೆ. ಸಕ್ಕರೆ ಇಳಿದರೆ ಮೊದಲೆಲ್ಲ ಕೈ ನಡುಗುವುದು, ಬೆವರುವುದು ಆಗಿ ಮುನ್ಸೂಚನೆ ಸಿಗುತ್ತಿರುತ್ತದೆ. ಆಮೇಲೆ ಮೈ ಆ ಸೂಚನೆ ಕೊಡುವುದನ್ನೇ ಬಿಟ್ಟುಬಿಡುತ್ತದೆ. ಮೂರು ವರ್ಷದ ಹಿಂದೆ ಶಿರಾದ ಒಂದು ಮದುವೆಯಲ್ಲಿ ಬಸವಮ್ಮ ನಿಂತಲ್ಲೇ ಕಣ್ಣು ಕತ್ತಲಿಟ್ಟು ಕುಸಿದಳು. ಎಡಗೈ ಕಾವಲಿಯ ಮೇಲೆ ಹೋಯಿತು. ಅದು ಇಷ್ಟಲಿಂಗ ಇಟ್ಟು ಪೂಜೆ ಮಾಡುವ ಕೈ. ಸುಟ್ಟ ನೋವಿಗೆ ಆಕೆ ಅಳಲಿಲ್ಲವಂತೆ, ಎರಡು ತಿಂಗಳು ಲಿಂಗವನ್ನು ಅಂಗೈಯಲ್ಲಿ ಹಿಡಿಯಲಾಗಲಿಲ್ಲ ಎಂದು ಅತ್ತಳು.

ಆಗಲೇ ತೋಳಿಗೆ ಸೆನ್ಸರ್ ಬಂದದ್ದು. ಆಕೆಯ ಬಾಯಲ್ಲಿ ಅದು ‘ಬಿಲ್ಲೆ’. ತೋಳಿನ ಹಿಂಭಾಗಕ್ಕೆ ಅಂಟಿಸಿದರೆ ಕೂದಲೆಳೆಯಂಥದ್ದೊಂದು ಚರ್ಮದೊಳಗೆ ಇಳಿದು ಹದಿನಾಲ್ಕು ದಿನ ಸಕ್ಕರೆ ಅಳೆಯುತ್ತಿರುತ್ತದೆ. ಜೊತೆಗೆ ಅಂಗೈಯಗಲದ ಒಂದು ಯಂತ್ರ. ಅದನ್ನು ತೋಳಿನ ಹತ್ತಿರ ಹಿಡಿದರೆ ಅಂಕಿ ಕಾಣುತ್ತದೆ. ಬಿಲ್ಲೆ ಬದಲಾಯಿಸುವ ದಿನ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದಳು, ಪಕ್ಕದ ಕ್ಲಿನಿಕ್ಕಿನ ನರ್ಸ್ ಗಂಗಲಕ್ಷ್ಮಿ ಅಂಟಿಸಿ ಕಳಿಸುತ್ತಿದ್ದಳು. ಅದಾದ ಮೇಲೆ ಒಂದು ಸಲವೂ ಬೀಳಲಿಲ್ಲ. ಮಲ್ಲೇಶ ನಿಶ್ಚಿಂತೆಯಿಂದ ಪಾಠ ಮಾಡಿಕೊಂಡಿದ್ದ.

ಹೋದ ವರ್ಷ ಕಂಪನಿಯವರು ಆ ಹಳೇ ಮಾದರಿ ನಿಲ್ಲಿಸಿದರು. ಹೊಸದು ಇನ್ನೂ ಚಿಕ್ಕದು, ಯಂತ್ರ ಹಿಡಿಯಬೇಕಾಗಿಲ್ಲ. ತಾನೇ ಮೊಬೈಲಿಗೆ ಅಂಕಿ ಕಳಿಸುತ್ತದೆ, ಸಕ್ಕರೆ ಇಳಿಯುತ್ತಿದ್ದರೆ ಬಡಿದುಕೊಳ್ಳುತ್ತದೆ, ಶಿರಾದಲ್ಲಿರುವ ಮಗನ ಮೊಬೈಲಿನಲ್ಲೂ ಬಡಿದುಕೊಳ್ಳುತ್ತದೆ. ಒಳ್ಳೆಯದೇ ಅಲ್ಲವೇ? ಬಸವಮ್ಮ ಒಂದು ಗಂಟೆ ಜಗಳ ಆಡಿದಳು.

“ಚೆನ್ನಾಗಿರೋದನ್ನ ಯಾಕಪ್ಪ ನಿಲ್ಲುಸ್ತಾರೆ? ಒಬ್ಬಟ್ಟು ಚೆನ್ನಾಗೈತೆ ಅಂತ ನಾನು ಒಬ್ಬಟ್ಟು ನಿಲ್ಲಿಸ್ಬುಟ್ಟಿದೀನಾ?”

ನಾನು ಕೌಂಟರ್ ಒರೆಸಿದೆ.

ಅಷ್ಟು ಜಗಳ ಆಡಿದವಳು ಒಂದೇ ವಾರದಲ್ಲಿ ಮೊಬೈಲು ಕಲಿತಳು. ಹೊಸದನ್ನು ಅಂಟಿಸುವುದೂ ಸುಲಭವಿತ್ತು, ಡಬ್ಬಿಯನ್ನು ತೋಳಿಗೆ ಒತ್ತಿದರೆ ಒಳಗಿನ ಬಿಲ್ಲೆ ಟಪ್ ಎಂದು ಕೂರುತ್ತದೆ. ನರ್ಸ್ ಯಾಕೆ, ನಾನೇ ಮಾಡಿಕೊಳ್ಳುತ್ತೇನೆ ಎಂದು ಮನೆಗೆ ಒಯ್ದಳು. ಅಲ್ಲಿಂದ ಶುರುವಾಯಿತು ನೋಡಿ. ಮೊದಲನೆಯದು ಮೂರನೇ ದಿನಕ್ಕೆ ಬಿತ್ತು. ಶುಕ್ರವಾರ ಗೊರವನಹಳ್ಳಿ ಗುಡಿಗೆ ಹೋಗುವ ಬಸ್ಸಿನ ನೂಕುನುಗ್ಗಲಲ್ಲಿ ಯಾರದೋ ಚೀಲ ತಗುಲಿರಬೇಕು ಎಂದುಕೊಂಡೆವು. ಎರಡನೆಯದು ಪಾವಗಡದ ಮದುವೆಯಲ್ಲಿ, ಒಲೆಯ ಮುಂದೆ ಇರುವಾಗಲೇ ಕಳಚಿ ಸೆರಗಿನಲ್ಲಿ ಸಿಕ್ಕಿಕೊಂಡಿತ್ತು. ಬೆವರಿಗೆ ಇರಬೇಕು ಎಂದೆವು. ಒಂದು ಸಲ ಬಿದ್ದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ನಾನು ಕಂಪನಿಗೆ ಬಿಸಿಬಿಸಿಯಾಗಿ ಬರೆದೆ: ನಿಮ್ಮ ಗೋಂದು ಮದುವೆ ಕಾರ್ಡಿನ ಲಕೋಟೆಗೂ ಲಾಯಕ್ಕಿಲ್ಲ. ಅವರು ಮರ್ಯಾದೆಯಿಂದ, ಬಿದ್ದ ಸೆನ್ಸರ್ ವಾಪಸ್ ಕಳಿಸಿ, ಪರೀಕ್ಷೆ ಮಾಡುತ್ತೇವೆ ಎಂದು ಉತ್ತರ ಕೊಟ್ಟರು.

ಇಷ್ಟರಲ್ಲಿ ಮಲ್ಲೇಶ ಶಿರಾದಿಂದ ನೇರ ನನ್ನ ಅಂಗಡಿಗೆ ಬಂದ. ಪಾವಗಡದಲ್ಲಿ ಬಿಲ್ಲೆ ಕಳಚಿದ ಮೇಲೆ ಅವನ ಮೊಬೈಲಿನಲ್ಲಿ ಅಂಕಿ ನಿಂತುಹೋಗಿ, ಎರಡು ಗಂಟೆ ಕಾಲ ತಾಯಿ ಫೋನ್ ಎತ್ತದಿದ್ದಾಗ, ಕ್ಲಾಸ್‌ರೂಮಿನಿಂದ ಎದ್ದು ಬೈಕಿನಲ್ಲಿ ಪಾವಗಡದ ದಾರಿ ಹಿಡಿದಿದ್ದನಂತೆ.

“ರುದ್ರಣ್ಣ, ಬರೋ ಭಾನುವಾರ ಮಧುಗಿರೀಲಿ ದೊಡ್ಡ ಮದುವೆ ಒಪ್ಕೊಂಡವ್ಳೆ. ಬಿಲ್ಲೆ ಇಲ್ದೆ ಒಲೆ ಮುಂದೆ ನಿಲ್ಲಲ್ಲ ಅಂತ ನನ್ನ ತಲೆ ಮುಟ್ಟಿ ಆಣೆ ಮಾಡವ್ಳೆ. ನೀವು ಒಂದು ಕೆಲ್ಸ ಮಾಡಿ. ಬಿಲ್ಲೆ ಬಂದಿಲ್ಲ ಅಂತ ಹೇಳ್ಬುಡಿ. ಅವ್ಳೇ ಒಲೆ ಬುಡ್ತಾಳೆ.”

“ಸುಳ್ಳು ಹೇಳೋದಾ?”

“ನಾನೇ ಕೇಳಿದ್ರೆ ಬುಡಲ್ಲ ಅಣ್ಣ. ಆ ದಿನ ಶಿರಾದಲ್ಲಿ ಅವ್ಳ ಕೈನ ಕಾವಲಿಯಿಂದ ಬಿಡಿಸಿದ್ದು ನಾನು.”

ಅಷ್ಟು ಹೇಳಿ ಮೇಷ್ಟ್ರು ಔಷಧಿ ಬೀರುವಿನ ಕಡೆ ಮುಖ ತಿರುಗಿಸಿ ಅತ್ತುಬಿಟ್ಟ. ನಾನು ಆಗಲಿ ಎಂದೆ. ಅವನ ಮುಂದೆ ಬೇರೆ ಏನು ಹೇಳಲಿ? ಒಂದೇ ಒಂದು ಹೊಸ ಡಬ್ಬಿ ಬಂದಿತ್ತು, ಅದನ್ನು ಕೌಂಟರಿನ ಕೆಳಗೆ ಇಟ್ಟೆ. ಮಂಗಳವಾರ ಬಸವಮ್ಮ ಬಂದು ಕೇಳಿದಾಗ, ಪಾರ್ಸೆಲ್ ಬಂದಿಲ್ಲ ಅಕ್ಕಾ ಎಂದೆ. ಆಕೆ ಆವತ್ತು ಬೈಯಲೇ ಇಲ್ಲ. ಬೆಂಚಿನ ಮೇಲೆ ಕೂತು ಸುಟ್ಟ ಅಂಗೈ ಉಜ್ಜಿಕೊಳ್ಳುತ್ತಾ, “ಹಂಗಾರೆ ಮದುವೆಯೋರಿಗೆ ಬೇರೆಯೋರ್ನ ನೋಡ್ಕಳಿ ಅಂತ ಹೇಳ್ಬುಡ್ಲಾ?” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಳೆವರೆಗೂ ಕಾಯಿ ಎಂದು ಹೇಳಿ ಕಳಿಸಿದೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಆ ಅಸಹ್ಯದಲ್ಲೇ, ಕಂಪನಿಗೆ ವಾಪಸ್ ಕಳಿಸೋಣ ಎಂದು ಪಾವಗಡದಲ್ಲಿ ಬಿದ್ದು ಬಸವಮ್ಮ ತಂದುಕೊಟ್ಟಿದ್ದ ಬಿಲ್ಲೆಯನ್ನು ಲಕೋಟೆಗೆ ಹಾಕಲು ಹೋದೆ. ಹಿಂಬದಿಯ ಅಂಟಿನ ಮೇಲೆ ಬಿಳಿ ಪುಡಿ. ಮೈದಾಹಿಟ್ಟು, ಇನ್ನೇನು ಎಂದುಕೊಂಡೆ. ಒದ್ದೆ ಬೆರಳಲ್ಲಿ ಉಜ್ಜಿದೆ. ಮೈದಾ ಆಗಿದ್ದರೆ ಜಿಗುಟಬೇಕಿತ್ತು, ಇದು ನುಣ್ಣಗೆ ಹರಡಿ ಒಣಗಿತು. ನಾನು ದಿನಾ ಬೆಳಗ್ಗೆ ಹಣೆಗೆ ಹಚ್ಚಿಕೊಳ್ಳುವ ವಿಭೂತಿ! ಇಷ್ಟು ದಿನ ಬಸ್ಸನ್ನು ಬೈದೆ, ಬೆವರನ್ನು ಬೈದೆ, ಕಂಪನಿಯನ್ನು ಬೈದೆ. ಮೂರು ಗೆರೆ ಎಳೆದುಕೊಂಡು ಇಲ್ಲೇ ಕೂತಿದ್ದ ನನಗೆ ಇದು ಹೊಳೆಯಲಿಲ್ಲ.

ತಕ್ಷಣ ಬಸವಮ್ಮನಿಗೆ ಫೋನ್ ಮಾಡಿದೆ. “ಅಕ್ಕಾ, ಬಿಲ್ಲೆ ಯಾವಾಗ ಅಂಟುಸ್ಕೊಂಡೆ?”

“ಪೂಜೆ ಆದ್ಮೇಲೆ. ಒಳ್ಳೆ ಕೆಲ್ಸ ಪೂಜೆ ಆಗ್ದೆ ಮಾಡ್ತಾರಾ?”

“ತೋಳಿಗೆ ಸ್ಪಿರಿಟ್ ಬಟ್ಟೆ ಸವರಿದ್ಯಾ?”

“ಸವರಿದೆ. ಅದು ಸಾರಾಯಿ ವಾಸ್ನೆ ಕಣಪ್ಪ. ಪೂಜೆ ಆದ ಮೈಗೆ ಅದನ್ನ ಸವರಿ ಹಂಗೇ ಬುಡಕ್ಕಾಗ್ತದಾ? ಮೇಲೊಂದು ಸಲ ವಿಭೂತಿ ಎಳೆದು ಆಮೇಲೆ ಅಂಟುಸ್ದೆ.”

ಗಂಗಲಕ್ಷ್ಮಿಯ ಕೈಯಲ್ಲಿ ಯಾಕೆ ಬೀಳುತ್ತಿರಲಿಲ್ಲ ಎಂಬುದೂ ಆಗ ಗೊತ್ತಾಯಿತು. ಆಕೆ ಮಧ್ಯಾಹ್ನ ಸ್ಪಿರಿಟ್ಟಿನಲ್ಲಿ ಒರೆಸಿ, ಆರಿದ ಕೂಡಲೇ ಅಂಟಿಸಿಬಿಡುತ್ತಿದ್ದಳು. ನಡುವೆ ಬೂದಿಗೆ ಜಾಗವೇ ಇರಲಿಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಬಿಲ್ಲೆ ಬಂದಿದೆ, ನನ್ನ ಹತ್ತಿರವೇ ಇದೆ, ಮಲ್ಲೇಶ ಕೊಡಬೇಡ ಅಂದಿದ್ದ, ಅದಕ್ಕೆ ಸುಳ್ಳು ಹೇಳಿದೆ ಎಂದೂ ಹೇಳಿದೆ.

“ಎಂಟನೇ ವಯಸ್ಸಲ್ಲಿ ಅಯ್ನೋರು ಲಿಂಗ ಕಟ್ಟಿದ್ರು,” ಎಂದಳು ಬಸವಮ್ಮ. “ಆವತ್ತಿಂದ ತೋಳು ಬರಿದಾಗಿ ಬುಟ್ಟಿಲ್ಲ. ಈಗ ವಿಭೂತಿದೇ ತಪ್ಪು ಅಂತೀಯಾ?”

“ತಪ್ಪು ಅನ್ಲಿಲ್ಲ ಅಕ್ಕಾ. ಗೋಂದಿಗೆ ಭಕ್ತಿ ಇಲ್ಲ ಅಷ್ಟೆ.”

ಫೋನ್ ಕುಕ್ಕಿದಳು.

ಬುಧವಾರ ಬರಲಿಲ್ಲ. ಮದುವೆಯವರಿಗೆ ಬೇಡವೆಂದು ಹೇಳಿಬಿಟ್ಟಳೇನೋ ಎಂದು ನಾನು ಚಡಪಡಿಸಿದೆ. ಗುರುವಾರ ಅಂಗಡಿ ಬಾಗಿಲು ಎತ್ತುವ ಹೊತ್ತಿಗೆ ಬೆಂಚಿನ ಮೇಲೆ ಯಾರೋ ಹೆಂಗಸು ಕೂತಿದ್ದಳು. ಏನು ಬೇಕಮ್ಮ ಎಂದು ಕೇಳಿದ ಮೇಲೆ ಗುರುತು ಸಿಕ್ಕಿತು. ಇಪ್ಪತ್ತಾರು ವರ್ಷದಲ್ಲಿ ಬಸವಮ್ಮನ ಬರೀ ಹಣೆಯನ್ನು ನಾನು ನೋಡಿದ್ದೇ ಇಲ್ಲ. ಸ್ನಾನ ಮಾಡಿರಲಿಲ್ಲ, ಪೂಜೆ ಮಾಡಿರಲಿಲ್ಲ, ನೀರೂ ಕುಡಿಯದೆ ಮೊದಲ ಬಸ್ಸಿಗೆ ಬಂದಿದ್ದಳು. ಮನೆಯ ಹೊಸ್ತಿಲು ದಾಟುವಾಗಲೇ, ಹಾಗೆ ಹೊರಟದ್ದಕ್ಕೆ ನಾಚಿಕೆಯಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳಂತೆ.

“ನರ್ಸಮ್ಮ ಒರೆಸ್ತಿದ್ದಾಗ ಹೆಂಗೋ ಸುಮ್ನಿರ್ತಿದ್ದೆ, ಪೂಜೆ ಆದ ತೋಳನ್ನ ನಾನೇ ಸಾರಾಯಲ್ಲಿ ಒರೆಸೋಕೆ ನನ್ ಕೈಲಿ ಆಗಲ್ಲ,” ಎಂದಳು. “ಪೂಜೆ ಆಗ್ದೆ ಇರೋ ತೋಳಿಗೆ ಏನಾದ್ರೂ ಮಾಡ್ಕೊ. ಮನೆಗೋಗಿ ಸ್ನಾನ ಮಾಡಿ ವಿಭೂತಿ ಹಚ್ಕಂತೀನಿ. ಬಿಲ್ಲೆ ಮೇಲೆ ಹಚ್ಚಿದ್ರೆ ಅದ್ಕೇನು ನೋವಾಗಲ್ಲ ತಾನೇ?”

“ಏನೂ ಆಗಲ್ಲ ಅಕ್ಕಾ.”

“ಸುಳ್ಳಾ ನಿಜವಾ ಇದು?”

ಹಾಗೆ ಅನ್ನಿಸಿಕೊಳ್ಳಬೇಕಾದವನೇ ನಾನು. ಗಂಗಲಕ್ಷ್ಮಿ ಬರಲು ಇನ್ನೂ ಹೊತ್ತಿತ್ತು. ಬಸವಮ್ಮ ತಾನೇ ಒರೆಸಿಕೊಂಡು, ಆರುವವರೆಗೆ ಊದಿ, ಡಬ್ಬಿ ಒತ್ತಿದಳು. ಒಂದು ಗಂಟೆ ಕಳೆದು ಮೊಬೈಲಿನಲ್ಲಿ ಅಂಕಿ ಮೂಡಿದ ಮೇಲೆ ಎದ್ದು ಹೋದಳು. ನಾನು ಮಲ್ಲೇಶನಿಗೆ ಫೋನ್ ಮಾಡಿ ಮಾತು ಮುರಿದದ್ದನ್ನು ಹೇಳಿದೆ. ಅವನು ಬೈದ. ಆಮೇಲೆ, ಭಾನುವಾರ ನಾನೇ ಬಂದು ಅಡುಗೆ ಮನೆಯಲ್ಲಿ ನಿಲ್ಲುತ್ತೇನೆ, ಮೊಬೈಲು ಒಂದು ಸಲ ಬಡಿದುಕೊಂಡರೂ ಅವ್ವನ ಕೈ ಹಿಡಿದು ಎಬ್ಬಿಸಿಕೊಂಡು ಹೋಗುತ್ತೇನೆ, ಅಲ್ಲಿಗೆ ಮುಗಿಯಿತು ಎಂದ.

ಮದುವೆ ನನ್ನ ಹೆಂಡತಿಯ ಕಡೆಯವರದು, ಹಾಗಾಗಿ ನಾನೂ ಮಧುಗಿರಿಗೆ ಹೋಗಿದ್ದೆ. ಮುಹೂರ್ತ ಬಿಟ್ಟು ಛತ್ರದ ಹಿಂದಿನ ಅಡುಗೆ ಮನೆಯಲ್ಲಿದ್ದೆ. ಬಸವಮ್ಮ ಎರಡು ಕಾವಲಿಯ ನಡುವೆ. ರವಿಕೆಯ ತೋಳಿನ ಕೆಳಗೆ ಬಿಲ್ಲೆ, ಬಿಲ್ಲೆಯ ಮೇಲೆ ಮೂರು ಬಿಳಿ ಗೆರೆ. ಬಾಗಿಲಲ್ಲಿ ಮಲ್ಲೇಶ, ಪರೀಕ್ಷೆ ಕೋಣೆಯಲ್ಲಿ ಕಾವಲು ನಿಂತ ಹಾಗೆ, ಕೈಯಲ್ಲಿ ಮೊಬೈಲು. ತಾಯಿ ಮಗ ಮಾತಾಡುತ್ತಿರಲಿಲ್ಲ.

ಹತ್ತೂವರೆಗೆ ಎರಡು ಮೊಬೈಲೂ ಒಟ್ಟಿಗೆ ಬಡಿದುಕೊಂಡವು. ಸಕ್ಕರೆ ಎಪ್ಪತ್ತು, ಪಕ್ಕದ ಬಾಣ ಕೆಳಮುಖ, ಅಂದರೆ ಇನ್ನೂ ಇಳಿಯುತ್ತಿದೆ. ತಟ್ಟುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಮಲ್ಲೇಶ ದಾಪುಗಾಲಿಟ್ಟು ಒಳಗೆ ಬಂದ. ಅವನು ಬರುವಷ್ಟರಲ್ಲಿ ಬಸವಮ್ಮ ಎರಡೂ ಒಲೆ ಆರಿಸಿ, ಕಾವಲಿಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು, ಬೋರಲು ಹಾಕಿದ ಪಾತ್ರೆಯ ಮೇಲೆ ಕೂತು ಬಾಯಿಗೆ ಬೆಲ್ಲ ಹಾಕಿಕೊಂಡಿದ್ದಳು.

“ಸಾಕು, ಏಳವ್ವ, ಹೋಗನ,” ಎಂದು ಅವನು ಕೈ ಹಿಡಿದ.

“ಇಪ್ಪತ್ತು ನಿಮ್ಸ ಕೊಡು. ಏರ್ಲಿಲ್ಲ ಅಂದ್ರೆ ನಾನೇ ಬತ್ತೀನಿ, ನೀನು ಎಳೀಬೇಡ.”

ಅವನು ಹಿಡಿದ ಕೈ ಬಿಡಲಿಲ್ಲ, ಎಳೆಯಲೂ ಇಲ್ಲ. ಸುಟ್ಟ ಕಲೆಯಿದ್ದ ಆ ಅಂಗೈಯನ್ನು ಹಿಡಿದುಕೊಂಡೇ ನೆಲದ ಮೇಲೆ ಕೂತ. ಹೊರಗೆ ಓಲಗ ಜೋರಾಯಿತು, ತಾಳಿ ಕಟ್ಟಿದರು, ಒಳಗೆ ನಾವೆಲ್ಲ ಒಂದು ಮೊಬೈಲು ನೋಡುತ್ತಾ ಕೂತಿದ್ದೆವು. ಅರವತ್ತೆಂಟು. ಎಪ್ಪತ್ತೊಂದು. ಎಂಬತ್ತಮೂರು. ತೊಂಬತ್ತೆಂಟಕ್ಕೆ ಬಾಣ ಮೇಲಕ್ಕೆ ತಿರುಗಿತು. ಬಸವಮ್ಮ ಮಗನ ಮುಖವನ್ನೇ ನೋಡುತ್ತಿದ್ದಳು. ಹೂಂ ಅಥವಾ ಊಹೂಂ, ಅವನೇ ಹೇಳಲಿ ಎನ್ನುವ ಹಾಗೆ.

ಮಲ್ಲೇಶ ಎದ್ದು ಹೋಗಿ ಒಲೆಯ ಗ್ಯಾಸು ತಿರುಗಿಸಿ, ಬೆಂಕಿಕಡ್ಡಿ ಗೀರಿ, ಮೊದಲು ಒಂದು ಕಾವಲಿಯ ಕೆಳಗೆ, ಆಮೇಲೆ ಇನ್ನೊಂದರ ಕೆಳಗೆ ಹಚ್ಚಿದ.

ಬಸವಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಅವನನ್ನು ಮೊಣಕೈಯಲ್ಲಿ ಪಕ್ಕಕ್ಕೆ ತಳ್ಳಿದಳು.

“ಅಷ್ಟು ಉರಿ ಯಾಕ್ಲಾ, ಸೀದೋಯ್ತವೆ. ಸರಿ ಅತ್ಲಾಗೆ.”